ಅರ್ಧ ಚೀಟಿ

ಟಾಕೀಸಿನ ಕೆಳಗಿನ ಬಾಗಿಲಿಗೆ ಒಂದು ಕಬ್ಬಿಣದ ಚಿಲಕವಿತ್ತು. ಇಪ್ಪತ್ತೇಳು ವರ್ಷಗಳಿಂದ ಅದನ್ನು ಹಾಕಿ ತೆಗೆಯುತ್ತ ಬಂದವನನ್ನು ಊರೆಲ್ಲ ಚಿಲಕದಣ್ಣ ಎಂದೇ ಕರೆಯುತ್ತಿತ್ತು. ಟಿಕೆಟು ಹರಿದು ಅರ್ಧ ಡಬ್ಬಿಗೆ ಹಾಕುವುದು, ಅರ್ಧ ನೋಡುವವರ ಕೈಗೆ ಕೊಡುವುದು, ಆಟ ಶುರುವಾದ ಮೇಲೆ ಬಾಗಿಲು ಹಾಕಿ ಹೊರಗೆ ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ. ಇಂಟರ್‌ವಲ್ಲಿನಲ್ಲಿ ಹೊರಗೆ ಬಂದವರು ಆ ಅರ್ಧ ಚೀಟಿ ತೋರಿಸಿಯೇ ಮತ್ತೆ ಒಳಗೆ ಹೋಗಬೇಕು.

ಅವನು ಸಿನಿಮಾ ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಬಾಗಿಲಿಗೆ ಬೆನ್ನು ಕೊಟ್ಟು ಕೂತರೆ ಒಳಗಿನದೆಲ್ಲ ತಿಳಿಯುತ್ತಿತ್ತು. ಒಳ್ಳೆಯವನು ನೀತಿ ಹೇಳತೊಡಗಿದರೆ ಜನ ಕೆಮ್ಮುತ್ತಾರೆ. ಪೋಲಿ ಬಂದರೆ ಕೆಮ್ಮು ನಿಲ್ಲುತ್ತದೆ.

ಈ ವಾರದ ಸಿನಿಮಾದ ನಾಯಕ ಅಂಥವನೇ. ತಾಯಿಗೆ ಸುಳ್ಳು ಹೇಳುತ್ತಾನೆ, ಗೆಳೆಯನ ಸೈಕಲ್ಲು ಮಾರಿ ಕುಡಿಯುತ್ತಾನೆ. ಅಂಥವನನ್ನು ಈ ಊರಿನ ಯಾರೂ ಜಗಲಿ ಹತ್ತಿಸುತ್ತಿರಲಿಲ್ಲ. ಆದರೂ ಆರು ದಿನದಿಂದ ಹೌಸ್‌ಫುಲ್.

ಇವತ್ತು ಚಿಲಕದಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಐದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಒಳಗಿನ ಗಡಿಯಾರ ನೋಡುತ್ತಿದ್ದ.

"ಬಾಗಿಲು ಹಾಕಯ್ಯಾ! ಬಿಸಿಲು ಹೀರೋ ಮುಖಕ್ಕೇ ಹೊಡೀತಿದೆ!" ಕತ್ತಲೊಳಗಿಂದ ಯಾರೋ ಕೂಗಿದರು.

"ಏನಣ್ಣಾ, ಈಯೋ ಹಸು ಸುತ್ತೋ ಹಾಗೆ ಸುತ್ತಾ ಇದ್ದೀಯ?" ಎಂದಳು ಮೆಟ್ಟಿಲ ಬಳಿ ಚಹಾ ಮಾರುವ ಅಕ್ಕ.

"ಐದಕ್ಕೆ ಮಗಳನ್ನ ಮಿಲ್ಲಿಗೆ ಕರ್ಕೊಂಡು ಹೋಗ್ಬೇಕಲ್ಲ."

ಅಕ್ಕ ಹೆಚ್ಚು ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮಗ್ಗದ ಮಿಲ್ಲಿನಲ್ಲಿ ಎಳೆ ಕಡಿಯದೆ ಓಡುವಷ್ಟು ಹೊತ್ತು ಹೆಂಗಸರು ಕೂರಲಿಕ್ಕೆಂದು ಸಾಲಿಗೊಂದು ಸ್ಟೂಲು ಇರುತ್ತಿತ್ತು. ಕೂತರೆ ನಿದ್ದೆ ಬರುತ್ತದೆಂದು ಮೇಸ್ತ್ರಿ ಅವನ್ನೆಲ್ಲ ಎತ್ತಿಸಿದ. ಸ್ಟೂಲು ಮತ್ತೆ ಇಡಿಸಿ ಎಂದು ಮಗಳು ಎರಡು ದಿನ ಕೇಳಿದಳು. ಮೂರನೆಯ ದಿನ ನೂಲಿಗೆ ಹಚ್ಚುವ ಗಂಜಿಯ ಬಕೆಟ್ಟನ್ನು ತಂದು ಅವನ ತಲೆಯ ಮೇಲೆ ಮಗುಚಿದಳು. ಗಂಜಿ ಆರಿತ್ತು, ಸುಡಲಿಲ್ಲ. ಆದರೆ ಒಣಗಿದ ಮೇಲೆ ಮೇಸ್ತ್ರಿಯ ಮೀಸೆ ಎರಡು ದಿನ ಬಗ್ಗಲಿಲ್ಲವೆಂದು ಹೆಂಗಸರು ಹೇಳಿಕೊಂಡು ನಕ್ಕರು. ನಕ್ಕವರು ಯಾರೂ ಅವಳ ಪರವಾಗಿ ಬಾಯಿ ಬಿಡಲಿಲ್ಲ. ಅವಳನ್ನು ಗೇಟಿನ ಹೊರಗೆ ನಿಲ್ಲಿಸಿದರು.

ಮಗಳು ಸಾಧುವೇನಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮಾಡಿದ್ದು ಸರಿ ಎಂದು ಅಪ್ಪನೂ ಹೇಳಿರಲಿಲ್ಲ. ಅವನೇ ಮೇಸ್ತ್ರಿಯ ಮನೆಗೆ ಹೋಗಿ, ಶನಿವಾರ ಐದು ಗಂಟೆಗೆ ಪಾಳಿ ಬಿಡುವ ಹೊತ್ತಿನಲ್ಲಿ ಎಲ್ಲರ ಎದುರು ಮಗಳಿಂದ ತಪ್ಪಾಯಿತು ಅನ್ನಿಸುತ್ತೇನೆ, ಕೆಲಸ ಉಳಿಸಿಕೊಡಿ ಎಂದು ಮಾತು ಕೊಟ್ಟು ಬಂದಿದ್ದ. ಕೇಳಿದಾಗ ಮಗಳು ಎದುರಾಡಲಿಲ್ಲ. "ನೀನು ಮಾತು ಕೊಟ್ಟಿದ್ದೀಯಲ್ಲ, ಬರ್ತೀನಿ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳು ಕೂಗಾಡಿದ್ದರೆ ವಾಸಿಯಿತ್ತು.

ಒಳಗೆ ಒಮ್ಮೆಲೇ ಶಿಳ್ಳೆ ಎದ್ದಿತು. ಆ ಜಾಗ ಅವನಿಗೆ ಗೊತ್ತು. ಕಲ್ಲುಕ್ವಾರಿಯಲ್ಲಿ ಕೂಲಿಗಳನ್ನು ಬೈಯುವ ಮೇಲ್ವಿಚಾರಕನನ್ನು ನಾಯಕ ಎತ್ತಿ ಕೆಸರಿನ ಹೊಂಡಕ್ಕೆ ಹಾಕುವ ಜಾಗ. ಬಾಗಿಲು ಸರಿಸಿ ಇಣುಕಿದ. ಬಿಸಿಲಿನ ಗೆರೆ ಹೋಗಿ ಬಿದ್ದದ್ದು ನಾಲ್ಕನೆಯ ಸಾಲಿನ ಮೂಲೆಗೆ. ಅಲ್ಲೊಬ್ಬ ಕುರ್ಚಿಯಿಂದ ಅರ್ಧ ಎದ್ದು, ಎರಡು ಬೆರಳು ಬಾಯಿಗಿಟ್ಟು, ಕತ್ತಿನ ನರ ಉಬ್ಬುವಂತೆ ಶಿಳ್ಳೆ ಹಾಕುತ್ತಿದ್ದ.

ಮೇಸ್ತ್ರಿ! ಟಿಕೆಟು ಹರಿಯುವಾಗ ಈ ಕೈ ಯಾರದೆಂದು ಮುಖ ನೋಡಿಯೇ ಇರಲಿಲ್ಲ.

ಇಂಟರ್‌ವಲ್ಲಿನಲ್ಲಿ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದು ಚಹಾ ಹಿಡಿದು ನಿಂತ. ಅರ್ಧ ಚೀಟಿಯನ್ನು ಬತ್ತಿಯಂತೆ ಹೊಸೆದು ಕಿವಿಗೆ ತೂರಿ ತಿರುಗಿಸುತ್ತಿದ್ದ.

"ಮಿಲ್ಲಲ್ಲಿ ಪಾಳಿ ಇಲ್ವಾ, ಮೇಸ್ತ್ರಿಗಳೇ?"

"ಇದೆ. ನನಗೆ ಹಲ್ಲುನೋವು ಅಂತ ಯಜಮಾನನಿಗೆ ಹೇಳಿ ಬಂದೆ." ಮೇಸ್ತ್ರಿ ಕಣ್ಣು ಹೊಡೆದ. "ಮೂರನೇ ಸಲ ನೋಡ್ತಿರೋದು. ಏನು ಗಂಡು ಕಣಯ್ಯಾ ಅವನು!"

"ಕಳ್ಳ ಅಲ್ವಾ ಅವನು? ಸುಳ್ಳ, ಕುಡುಕ."

"ಇರ್ಲಿ ಬಿಡು. ನಾವೂ ಏನು ಅಪರಂಜಿನಾ? ಅವನು ಆ ದರಿದ್ರದವನನ್ನ ಎತ್ತಿ ಎಸೆದ್ನಲ್ಲ, ನನಗೆ ನಮ್ಮ ಯಜಮಾನನನ್ನೇ ಎಸೆದ ಹಾಗಾಯ್ತು. ಹನ್ನೆರಡು ವರ್ಷ ಆಯ್ತು, ಒಂದು ದಿನಾನೂ ನನಗೆ ಕೂತ್ಕೋ ಅಂದಿಲ್ಲ ಆ ಮುದುಕ."

"ಆ ಹೊಂಡಕ್ಕೆ ಬಿದ್ದವನು ನೀವೂ ಆಗಬಹುದಲ್ಲ..." ಮಾತು ಚಿಲಕದಣ್ಣನ ಬಾಯಿಂದ ತಾನಾಗಿ ಜಾರಿತ್ತು.

ಮೇಸ್ತ್ರಿ ಅವನನ್ನು ದಿಟ್ಟಿಸಿದ. "ಅದು ಸಿನಿಮಾ ಕಣಯ್ಯಾ. ಐದಕ್ಕೆ ಮರೀಬೇಡ. ಗಟ್ಟಿಯಾಗಿ ಹೇಳ್ಬೇಕು ಅವಳು, ಕೊನೇ ಸಾಲಿಗೂ ಕೇಳೋ ಹಾಗೆ." ಚೀಟಿಯ ಬತ್ತಿಯನ್ನು ಮೋರಿಗೆ ಎಸೆದು ಬೀಡಿ ಹಚ್ಚಲು ಆಚೆ ಹೋದ.

ಇವತ್ತಿನ ಆಟಕ್ಕೆ ನೂರೈವತ್ತು ಜನ. ಎಸೆಯುವವನು ತಾನೇ ಎಂದುಕೊಂಡು ಬಂದವರು. ಹೊಂಡಕ್ಕೆ ಬೀಳುವವನು ಮಾತ್ರ ಅವರಲ್ಲಿ ಒಬ್ಬನೂ ಇಲ್ಲ. ಬೇಯದ ಕಾಳು ಬಾಯಿಗೆ ಸಿಕ್ಕಂತೆ ಚಿಲಕದಣ್ಣ ಆ ಯೋಚನೆಯನ್ನು ಅತ್ತಿತ್ತ ಹೊರಳಿಸಿದ. ಇಪ್ಪತ್ತೇಳು ವರ್ಷದಲ್ಲಿ ತಾನು ಎಷ್ಟು ಮಂದಿಗೆ ಎದ್ದು ನಿಂತು ಬಾಗಿಲು ತೆಗೆದಿದ್ದೇನೆ!

ಗಂಟೆ ಹೊಡೆಯಿತು. ಜನ ಚೀಟಿ ತೋರಿಸಿ ಒಳಗೆ ನುಗ್ಗಿದರು. ಅಷ್ಟರಲ್ಲಿ ಮಗಳು ಮೆಟ್ಟಿಲ ಬಳಿ ಕಾಣಿಸಿದಳು. ಒಗೆದ ಬಟ್ಟೆ ಹಾಕಿ, ತಲೆ ಬಿಗಿದು ಬಾಚಿದ್ದಳು.

"ಇಷ್ಟು ಬೇಗ ಬಂದ್ಯಾ?"

"ಮನೇಲಿ ಕೂರೋಕಾಗ್ಲಿಲ್ಲ ಅಪ್ಪಾ. ತಪ್ಪಾಯ್ತು ಅಂತ ಹೇಳಿ ನೋಡ್ಕೊಂಡೆ, ಹತ್ತು ಸಲ. ಬಾಯಿಗೇ ಬರ್ತಿಲ್ಲ."

ಕೊನೆಯವನಾಗಿ ಮೇಸ್ತ್ರಿ ಓಡಿಬಂದ. ಚಿಲಕದಣ್ಣನ ಕೈ ಬಾಗಿಲಿಗೆ ಅಡ್ಡವಾಯಿತು.

"ಅರ್ಧ ಚೀಟಿ."

"ಏನಯ್ಯಾ, ನಾನು!"

"ಚೀಟಿ ತೋರ್ಸಿ, ಮೇಸ್ತ್ರಿಗಳೇ."

"ಎಲ್ಲೋ ಬಿತ್ತು. ಈಗ ತಾನೆ ನಿನ್ನ ಎದುರಿಗೇ ಇದ್ದೆನಲ್ಲ! ತಮಾಷೆನಾ?"

"ಚೀಟಿ ಇಲ್ದೆ ಬಿಡೋ ಹಾಗಿಲ್ಲ. ಇದು ಇಲ್ಲಿಯ ಕಾಯ್ದೆ."

ಚಹಾದ ಅಕ್ಕ ಕೆಟಲಿನ ಮುಚ್ಚಳ ಹಿಡಿದುಕೊಂಡೇ ನಿಂತಳು. ಮೇಸ್ತ್ರಿಯ ಮುಖ ಕೆಂಪಾಯಿತು.

"ಆಯ್ತು. ಐದು ಗಂಟೆಗೆ ಬರ್ತೀಯಲ್ಲ ಮಗಳ ಕೈ ಹಿಡ್ಕೊಂಡು? ಆಗ ನೋಡ್ಕೋತೀನಿ."

"ಬರಲ್ಲ."

ಅಂದದ್ದು ತಾನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಚಿಲಕ ಹಾಕಿ, ಸ್ಟೂಲು ಎಳೆದು ಮಗಳ ಮುಂದಿಟ್ಟ. "ಕೂತ್ಕೋ."

ಅವಳು ಕೂರಲಿಲ್ಲ. "ಕೆಲಸ, ಅಪ್ಪಾ?"

"ಹೋಯ್ತು."

"ಮುಂದೆ?"

"ಗೊತ್ತಿಲ್ಲ ಕಣೇ. ಕೂತ್ಕೋ ಮೊದ್ಲು."

ಅವಳು ಕೂತಳು. ಕೂತವಳ ಕಾಲು ನೆಲ ತಟ್ಟುತ್ತಲೇ ಇತ್ತು, ಮಗ್ಗದ ತಾಳಕ್ಕೆ.

ಮೇಸ್ತ್ರಿ ಬೈದ, ಟಿಕೆಟ್ ಕಿಟಕಿಗೆ ಹೋದ, ಅದು ಮುಚ್ಚಿತ್ತು, ಮತ್ತೆ ಬಂದು ಬೈದ. ಆದರೆ ಹೊರಟುಹೋಗಲಿಲ್ಲ. ಒಳಗಿನಿಂದ ನಾಯಕನ ದನಿ ಕೇಳುತ್ತಿದ್ದಂತೆ ಬೈಗುಳ ಸಣ್ಣದಾಗುತ್ತ ಬಂತು. ಮೆಲ್ಲಗೆ ಸರಿದು ಬಾಗಿಲಿನ ಇನ್ನೊಂದು ಕದಕ್ಕೆ ಕಿವಿ ಹಚ್ಚಿ ನಿಂತ. ಚಿಲಕದಣ್ಣ ಅವನನ್ನು ಅಟ್ಟಲಿಲ್ಲ.

ಒಳಗೆ ಮತ್ತೆ ಶಿಳ್ಳೆ ಎದ್ದಿತು. ಮೇಸ್ತ್ರಿಯ ಎರಡು ಬೆರಳು ತಾವಾಗಿಯೇ ಬಾಯಿಯವರೆಗೆ ಹೋದವು. ಸ್ಟೂಲಿನ ಮೇಲೆ ಕೂತವಳು ನೋಡುತ್ತಿರುವುದು ಕಂಡು ಅಲ್ಲೇ ನಿಂತವು.

"ಹಾಕಿ, ಮೇಸ್ತ್ರಿಗಳೇ," ಎಂದಳು ಅವಳು. "ಸಿನಿಮಾ ತಾನೆ."