ಅಕ್ಕನ ಕೆಂಪು ಮಣ್ಣು

ಬಸುರಿ ಅಕ್ಕನಿಗೆ ಬಯಕೆ ಹತ್ತಿದ್ದು ಹಿತ್ತಿಲಿನ ಕೆಂಪು ಮಣ್ಣಿನ ಮೇಲೆ. ಅಲ್ಲಿ ಮೊದಲು ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರೆಂದು ಪಕ್ಕದ ಮನೆಯವಳು ಹೇಳಿದಳು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿ ಒಂದು ಡಬ್ಬಿ ತುಂಬಿಕೊಂಡು ಹೋದಳು.

ನೀರಿನಲ್ಲಿ ಕಲಕಿ, ಸೋಸಿ ನೋಡಿದಳು. ಮಣ್ಣಿನಲ್ಲಿ ಸೀಸವಿತ್ತು, ನೀರಿಗೆ ಇಳಿದಿರಲಿಲ್ಲ. ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ತುಕ್ಕೇ ಅದನ್ನು ಹಿಡಿದುಕೊಂಡಿತ್ತು.

“ಸೀಸ ಇದೆ ಕಣಕ್ಕ. ಆದ್ರೆ ಮಣ್ಣು ಬಿಟ್ಕೊಡ್ತಿಲ್ಲ.”

“ನಿನ್ ಭಾವನ ಕೈಗೆ ಸಿಕ್ಕ ರಿಮೋಟ್ ಥರ ಅನ್ನು. ಹಂಗಾದ್ರೆ ತಿನ್ನಬಹುದು.”

“ತಿನ್ನು ಅಂತ ನಾನೆಲ್ಲಿ ಹೇಳ್ದೆ?”

“ಬೇಡ ಅಂತಾನೂ ಹೇಳ್ಲಿಲ್ವಲ್ಲ.” ಅಕ್ಕ ಸಣ್ಣ ಹೆಂಟೆಯೊಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಗಂಟಲವರೆಗೂ ಹುಳಿ ಬರುತ್ತೆ ಕಣೆ. ಇದು ಇಳಿದ್ರೆ ತಣ್ಣಗಾಗುತ್ತೆ.”

ಹುಳಿ. ತಂಗಿಗೆ ಕೆನ್ನೆಗೆ ಹೊಡೆದಂತಾಯಿತು. ಹೊಟ್ಟೆಯಲ್ಲಿರುವುದು ನಲ್ಲಿ ನೀರಲ್ಲ.

ಮರುದಿನ ಅದೇ ಮಣ್ಣನ್ನು ಜಠರದಷ್ಟು ಹುಳಿಯಾದ ಆಮ್ಲಕ್ಕೆ ಹಾಕಿ, ಮೈ ಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಬಾಟಲಿಯನ್ನು ತಿರುಗಲು ಬಿಟ್ಟಳು. ಮಧ್ಯಾಹ್ನದ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಬಾಟಲಿ ಮಗುಚುತ್ತಿತ್ತು, ಮತ್ತೆ ಮಗುಚುತ್ತಿತ್ತು. ನೋಡುತ್ತಾ ನೋಡುತ್ತಾ ಅವಳೂ ಒಳಗಿದ್ದಳು. ಬೆಚ್ಚಗೆ, ಕೆಂಪಗೆ, ಮೇಲು ಕೆಳಗು ತಿಳಿಯದಂತೆ. ಸುತ್ತಲೂ ಸಾವಿರಾರು ಪುಟ್ಟ ಮುಷ್ಟಿಗಳು. ಹುಳಿ ಸೋಕಿದ್ದೇ ತಡ, ನಿದ್ದೆಗೆ ಜಾರುವವರ ಬೆರಳಿನಂತೆ ಸಡಿಲಾಗುತ್ತಿದ್ದವು. ಬೂದು ಬಣ್ಣದ್ದೇನೋ ಹೊರಬಿದ್ದು, ಅವಸರವಿಲ್ಲದೆ ತೇಲಿಹೋಗುತ್ತಿತ್ತು. ದೂರದಲ್ಲಿ ಯಾರೋ ಮೊಣಕಾಲು ಮಡಚಿ ಮಲಗಿದ್ದರು.

ಗಂಟೆ ಹೊಡೆದು ಯಂತ್ರ ನಿಂತಿತು. ಸೋಸಿ ಅಳೆದಳು. ಸೀಸದ ಮುಕ್ಕಾಲು ಪಾಲು ಹುಳಿಗೆ ಬಂದುಬಿಟ್ಟಿತ್ತು.

ಸಂಜೆ ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು, ಮುಷ್ಟಿ ಬಿಗಿಹಿಡಿದು.

“ನಿನ್ನೆ ನೀರಲ್ಲಿ ನೋಡಿದ್ದೆ, ತಪ್ಪಾಯ್ತು. ಹುಳಿಗೆ ಬಿಡುತ್ತೆ ಕಣಕ್ಕ. ಬಿಸಾಕು.”

“ಮಗೂಗೆ?”

“ಗೊತ್ತಿಲ್ಲ. ನಾಳೆ ಆಸ್ಪತ್ರೇಲಿ ರಕ್ತ ಕೊಟ್ಟು ಬರೋಣ.”

“ಏನೂ ಆಗಲ್ಲ ಅಂತಾದ್ರೂ ಅನ್ನೇ.”

ತಂಗಿ ಅಕ್ಕನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆವರಿಗೆ ಮೆತ್ತಗಾದ ಹೆಂಟೆ ಅಂಗೈಯ ಗೆರೆಗಳಿಗೆ ಅಂಟಿತ್ತು.

“ವಾಸನೆಯಾದ್ರೂ ನೋಡ್ಲಾ?” ಎಂದಳು ಅಕ್ಕ.

ತಂಗಿ ಅವಳನ್ನು ಒಳಗೆ ಕರೆದುಕೊಂಡು ಬಂದು, ಹಿತ್ತಿಲ ಬಾಗಿಲ ಅಗುಳಿ ಹಾಕಿ, ಸೋಪು ತರಲು ಹೋದಳು.