ಕರ್ನಲ್ ಹೆಂಡತಿಯ ಪಾತ್ರ

ಅನಘಾ ಕುಂಕುಮದ ಬೆರಳು ಚಾಚಿದಾಗ ಕರ್ನಲ್ ರೇವಣಸಿದ್ದಯ್ಯ ಕಣ್ಣು ಮುಚ್ಚಿ, ಬೇಕಾದ್ದಕ್ಕಿಂತ ಹೆಚ್ಚೇ ಬಾಗಿದರು. ಸೋಫಾದ ಮೂಲೆಯಲ್ಲಿ ಕೂತಿದ್ದ ಹೆಂಡತಿ ಜಗದಾಂಬಾ ಮುಖ ತಿರುಗಿಸಿದರು.

ಗಡಿಯ ಯುದ್ಧದಲ್ಲಿ ಗುಡ್ಡವೊಂದನ್ನು ಗೆದ್ದುಕೊಟ್ಟ ಕರ್ನಲ್ ಮೇಲೆ ಶಿವಕಿರಣ್ ನಾಟಕ ಬರೆದಿದ್ದ. ಬಸವೇಶ್ವರನಗರದ ಅವರ ಮನೆಯ ಹಾಲ್‌ನಲ್ಲೇ ತಾಲೀಮು. ನಾಯಕನ ಪಾತ್ರದವನು ಬಂದಿರಲಿಲ್ಲವೆಂದು ಕರ್ನಲ್ ತಾವೇ ನಿಂತಿದ್ದರು.

"ಗೆದ್ದು ಬನ್ನಿ. ನನ್ನ ಕಣ್ಣೀರು ನಿಮಗೆ ಅಡ್ಡಿಯಾಗದು," ಎಂದಳು ಹೆಂಡತಿಯ ಪಾತ್ರದ ಅನಘಾ.

ಮುಂದಿನ ದೃಶ್ಯವನ್ನು ಶಿವಕಿರಣ್ ಓದಿದ. ಸಿಪಾಯಿ ಕರಿಬಸಪ್ಪ ಬಂದು ಸೆಲ್ಯೂಟ್ ಹೊಡೆಯುತ್ತಾನೆ. "ಸಾರ್, ಬಸುರಿ ಹೆಂಡತೀನ ದೇವರು ನೋಡ್ಕೋತಾನೆ. ನನ್ನನ್ನೂ ಕರ್ಕೊಂಡು ಹೋಗಿ."

"ಅವನು ಹಾಗೆ ಕೇಳ್ಲಿಲ್ಲ," ಎಂದರು ಜಗದಾಂಬಾ.

ಎಲ್ಲರೂ ತಿರುಗಿ ನೋಡಿದರು.

"ನಮ್ಮನೆ ಬಾಗಿಲಿಗೆ ಬಂದು ಅವನು ಕೇಳಿದ್ದು ರಜಾ. ಹೆರಿಗೆ ಆದ ತಕ್ಷಣ ಬಂದುಬಿಡ್ತೀನಿ ಅಂದ. ಕಳಿಸಿ ಅಂತ ನಾನೂ ಹೇಳ್ದೆ. ಅವನ ಎದುರಿಗೇ ನನ್ನ ಕೆನ್ನೆಗೆ ಹೊಡೆದ್ರು ಇವರು. ಹಲ್ಲು ಮುರೀತು."

ಕರ್ನಲ್ ನಕ್ಕರು. "ವಯಸ್ಸಾಯ್ತಲ್ಲ, ಏನೇನೋ ಹೇಳ್ತಾಳೆ. ನೀನು ಓದಪ್ಪ."

"ಆಂಟಿ, ಇದನ್ನೆಲ್ಲ ಹಾಕಿದ್ರೆ ಜನ ಒಪ್ಪಲ್ಲ," ಎಂದ ಶಿವಕಿರಣ್, ಪುಟದಿಂದ ತಲೆಯೆತ್ತದೆ.

ಅನಘಾ ಹತ್ತಿರ ಬಂದು ಕೂತಳು. "ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ಜನ ನನ್ನ ನೋಡಿ ಕೈ ಮುಗಿಯೋರು ಕಣಮ್ಮ. ಅದು ಹಿತವಾಗಿತ್ತು."

ಆ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಗಂಡನ ಮೇಲಿಗಿಂತ ತಮ್ಮ ಮೇಲೇ ಹೇಸಿಗೆ ಹುಟ್ಟಿತು. ಯುದ್ಧದಲ್ಲಿ ಸತ್ತ ಕರಿಬಸಪ್ಪನ ಹೆಂಡತಿ ಹೊನ್ನವ್ವನಿಗೆ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಸೀರೆ ಕೊಟ್ಟು, ಫೋಟೋಕ್ಕೆ ನಗುತ್ತಿದ್ದವರು ಅವರೇ. ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಎಂದರು ಕರ್ನಲ್. ಜಗದಾಂಬಾ ಗೇಟು ತೆರೆದು ಆಟೊಗೆ ಕೈ ತೋರಿಸಿದರು.

ಕಾಮಾಕ್ಷಿಪಾಳ್ಯದ ಗಲ್ಲಿಯಲ್ಲಿ ಹೊನ್ನವ್ವ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಟೊ ಇಳಿದು ಬಂದವರನ್ನು ಕಂಡು ಏಳಹೋದಳು. ಜಗದಾಂಬಾ ಬೇಡವೆಂದು ಕೈಯಾಡಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು.

ಹೊನ್ನವ್ವ ಸುಲಿದ ಕಾಳನ್ನು ಮಡಿಲಿಗೆ ಹಾಕಿಕೊಂಡಳು.

"ತಾನಾಗೇ ಮುಂದೆ ಬಂದ ಅಂತ ಸಾಹೇಬ್ರು ಹೇಳಿದ್ರಲ್ಲಮ್ಮ," ಎಂದಳು. "ಹೊಟ್ಟೇಲಿ ಮಗು ಇಟ್ಕೊಂಡಿದ್ದೋಳ್ನ ಬಿಟ್ಟು ಹೋದೋನು ಅಂತ ಇವತ್ತಿಗೂ ಬೈತೀನಿ ನಾನು. ಮಗಳ ಎದುರಿಗೇ ಬೈತೀನಿ."

"ರಜಾ ಕೇಳಿದ್ದ. ಕೈ ಮುಗಿದು ಕೇಳಿದ್ದ."

"ಮಗಳು ಗಾರ್ಮೆಂಟ್ಸಿಂದ ಬರೋ ಹೊತ್ತಾಯ್ತು. ಅವಳಿಗೆ ನೀವೇ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ಜಗದಾಂಬಾ ಗೋಡೆಗೆ ಕೈಯೂರಿ, ಗಲ್ಲಿಯ ತಿರುವನ್ನೇ ನೋಡುತ್ತ ನಿಂತರು. ಹೊನ್ನವ್ವನ ಸಡಿಲವಾದ ಮಡಿಲಿನಿಂದ ಕಾಳುಗಳು ಒಂದೊಂದಾಗಿ ಮೆಟ್ಟಿಲಿಗೆ ಉರುಳುತ್ತಿದ್ದವು.