ಅರ್ಧಕ್ಕೆ ಇಳಿಯಬೇಕಾದ ಬಾವುಟ

ಮತ್ತೆ ಅದೇ ಕಿರುಗುಟ್ಟುವ ಸದ್ದು, ನೀರಿನಡಿಯಿಂದ ಉಕ್ಕಿನ ಹಗ್ಗ ಗಾಲಿಗೆ ಏರುವ ಸದ್ದು, ಆ ಹಗ್ಗ ಹಿಡಿದೇ ಲಾಂಚ್ ದ್ವೀಪಕ್ಕೆ ಹೋಗಬೇಕು, ಹಿಡಿದೇ ವಾಪಸ್ ಬರಬೇಕು, ಒಂದು ಮಾರು ಅತ್ತಿತ್ತ ಇಲ್ಲ, ಗೂಟಕ್ಕೆ ಕಟ್ಟಿದ ಹಸು ಕಣೋ ತೈಸ್ತೊ ನಾವಿಬ್ರೂ, ಮೇಯೋಕೆ ಹುಲ್ಲೂ ಇಲ್ಲ, ಅನ್ನುತ್ತಿದ್ದ ಇಲ್ಮೋ – ಬೆಳಗಿನ ಪಾಳಿ ಅವನದು, ಮಧ್ಯಾಹ್ನದ್ದು ತೈಸ್ತೊನದು, ನಡುವೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಲಾಂಚ್ ನಡೆಸುವ ಈ ಗಾಜಿನ ಗೂಡಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಇಬ್ಬರೂ, ಮಾತೆಲ್ಲ ಅವನದೇ, ಬಾಯಿ ಮುಚ್ಕೊಂಡಿರೋಕೆ ಸರ್ಕಾರ ನಿಂಗೆ ಸಂಬಳ ಕೊಡುತ್ತೇನೋ, ಹೂಂ, ಅಂತಷ್ಟೇ ತೈಸ್ತೊ, ಅವನ ಮೇಲೆ ಎಷ್ಟು ಪ್ರೀತಿಯಿತ್ತು, ಒಂದು ದಿನವೂ ಹೇಳಲಿಲ್ಲ, ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ, ನಗಲಿ, ನಕ್ಕಿದ್ದರೆ ಏನಾಗುತ್ತಿತ್ತು – ಸೌನಾಕ್ಕೆ, ಹಬೆಸ್ನಾನದ ಕೋಣೆಗೆ, ಸೌದೆ ಒಡೆಯುತ್ತ ಅಂಗಳದಲ್ಲೇ ಕುಸಿದನಂತೆ, ಮನೆ ದೂರದ ಪೇಟೆಯಲ್ಲಿ, ದ್ವೀಪಕ್ಕೆ ಸುದ್ದಿ ಮುಟ್ಟಲೇ ಇಲ್ಲ, ಮರುದಿನ ದ್ವೀಪದ ಮುದುಕಿ ಹಿಲ್ಕ ಕಾರಿನ ಗಾಜು ಇಳಿಸಿದಳು, ಎಲ್ಲಪ್ಪಾ ನಿನ್ನ ಜೊತೆಗಾರ, ಬೆಳಿಗ್ಗೆ ಯಾರೋ ಹೊಸಬ ಇದ್ನಲ್ಲ, ಹಿಂದೆ ಹಾಲಿನ ಲಾರಿ ಕಾಯುತ್ತಿತ್ತು, ಸತ್ತ ಎಂಬ ಮಾತು ಗಂಟಲವರೆಗೆ ಬಂದದ್ದು ನಿಜ, ಬಾಯಿಂದ ಬಿದ್ದದ್ದು ರಜಾ, ಎಲ್ಲಿಗೆ, ಸ್ಪೇನಿಗೆ.

ಸ್ಪೇನ್ ಎಲ್ಲಿಂದ ಬಂತೋ, ಮಂಜು ಸುರಿಯುತ್ತಿದ್ದುದರಿಂದ ಇರಬೇಕು, ಅಯ್ಯೋ ದೇವ್ರೇ, ಕೊನೆಗೂ ಬಿಸಿಲು ಕಂಡ್ನಲ್ಲಪ್ಪ ಆ ಬಿಳಿಮೂತಿ, ಎಂದು ಹಿಲ್ಕ ಖುಷಿಪಟ್ಟಳು, ಸಂಜೆಗೆ ದ್ವೀಪಕ್ಕೆಲ್ಲ ಗೊತ್ತು, ಮೂಗು ಸುಟ್ಕೊಂಡ್ನಂತಾ, ಸುಟ್ಕೊಂಡ, ಕಿತ್ತಳೆ ತಿಂತಿದಾನಾ, ಮರದಿಂದ್ಲೇ ಕಿತ್ಕೊಂಡು – ಇಷ್ಟು ವರ್ಷ ಹೂಂ ಅಂದವನಿಗೆ ಈಗ ಎಲ್ಲಿಲ್ಲದ ಮಾತು, ನಾಚಿಕೆಯಾಗಬೇಕು, ಆಗುತ್ತದೆ, ಆದರೂ ಮುಂದಿನ ಸಲ ಯಾರು ಏನು ಕೇಳುತ್ತಾರೋ ಎಂದು ಮನಸ್ಸು ಕಾಯುತ್ತದೆ, ಈಚೆ ದಡದಲ್ಲಿ ಇಲ್ಮೋ ಶವಪೆಟ್ಟಿಗೆಯೊಳಗೆ, ಆಚೆ ದಡದಲ್ಲಿ ಕಿತ್ತಳೆ ಸುಲಿಯುತ್ತಿದ್ದಾನೆ, ನಡುವೆ ಹೋಗುತ್ತ ಬರುತ್ತ ತೈಸ್ತೊ, ಇಳಿಯಲು ಜಾಗವಿಲ್ಲ. ಇವತ್ತು ಮಣ್ಣು. ಬದಲಿಯವನನ್ನು ಬೇರೆ ಲಾಂಚಿಗೆ ಹಾಕಿದ್ದಾರೆ, ಇದನ್ನು ನಿಲ್ಲಿಸುವಂತಿಲ್ಲ, ಮಣ್ಣಿಗೆ ಹೋಗುವಂತಿಲ್ಲ, ಕಚೇರಿಯಿಂದ ಫೋನು, ಬಾವುಟ ಇನ್ನೂ ಯಾಕೆ ಅರ್ಧಕ್ಕೆ ಕಟ್ಟಿಲ್ಲ, ನಿಮ್ ಸ್ನೇಹಿತ ಅಲ್ವೇನ್ರೀ ಅವ್ನು, ಹೌದು ಸಾರ್, ಗೂಡಿನ ಮೂಲೆಯ ಡಬ್ಬಿಯಲ್ಲಿ ಮಡಿಸಿಟ್ಟ ಬಾವುಟ, ಬಿಳಿಯ ಮೇಲೆ ನೀಲಿ, ಕಟ್ಟಿದರೆ ದ್ವೀಪದಲ್ಲೂ ಇಲ್ಮೋ ಸಾಯುತ್ತಾನೆ, ಕಟ್ಟದಿದ್ದರೆ ಗೆಳೆಯನಿಗೆ ಒಂದು ತುಂಡು ಬಟ್ಟೆಯನ್ನೂ ಹಾರಿಸದ ಪಾಪಿ ತಾನು, ಬಾವುಟ, ಬಾವುಟ, ಬೆಳಗಿನಿಂದ ಅದೇ ಕಣ್ಣೆದುರು – ದ್ವೀಪ ಬಂತು, ಸಾಲಿನಲ್ಲಿ ಮೊದಲನೆಯದೇ ಹಿಲ್ಕಳ ಕಾರು, ಆಗಲಿ, ಬಾಯಿ ಹೇಳದ್ದನ್ನು ಬಾವುಟ ಹೇಳಲಿ, ಲಾಂಚಿನ ಕಂಬದ ಹಗ್ಗಕ್ಕೆ ಕೊಂಡಿ ಸಿಕ್ಕಿಸಿದ, ಸತ್ತವರಿಗಾದರೂ ಬಾವುಟವನ್ನು ಮೊದಲು ತುದಿಗೇರಿಸಿ ಆಮೇಲೆಯೇ ಕೆಳಗೆ ತರಬೇಕು, ಅದು ಕ್ರಮ, ಎಳೆದ, ಏರಿತು, ತುದಿ ಮುಟ್ಟಿ ಗಾಳಿಗೆ ಬಿಚ್ಚಿಕೊಂಡಿತು, ಕಾರಿನ ಬಾಗಿಲು ತೆರೆದ ಸದ್ದು, ಹಿಲ್ಕ ಕೆಳಗಿಳಿದು ಕತ್ತೆತ್ತಿ ನೋಡುತ್ತಿದ್ದಾಳೆ, ಮುಖ ತುಂಬ ನಗು, ಏನಪ್ಪಾ ಹಬ್ಬ ಇವತ್ತು, ತುದಿಗೇ ಏರ್ಸಿದೀಯ, ಇಲ್ಮೋ ಬಂದ್ನಾ, ಬಂದ್ನೇನೋ – ಇಳಿಸಬೇಕು, ಹಗ್ಗ ಅಂಗೈಯಲ್ಲೇ ಇದೆ, ಒಂದಿಷ್ಟು ಸಡಿಲ ಬಿಟ್ಟರೆ ಸಾಕು, ಇಳಿಸಬೇಕು, ಬೆರಳು ಬಿಡಿಸಿಕೊಳ್ಳುತ್ತಿಲ್ಲ, ಮೇಲೆ ತುತ್ತತುದಿಯಲ್ಲಿ ಬಾವುಟ, ಇಳಿಸಬೇಕು, ತುತ್ತತುದಿಯಲ್ಲಿ ಬಾವುಟ